ಪಂದ್ಯಕ್ಕೆ ಮೊದಲ ಕಾರು ಯಾವುದು?

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗಿ, ಅಲ್ಲಿಂದ ಘಾಟಿಯನ್ನಿಳಿದು ಸೋಮೇಶ್ವರವನ್ನು ಸೇರುವ ದಾರಿಯಲ್ಲಿ 14 ಕಡುತಿರುವುಗಳುಂಟು. ಹೊಸನಗರದ ಕಡೆಯವರಿಗೆ ಹುಲಿಕಲ್ ಘಾಟಿಯ ಪರಿಚಯವಿದೆ. ಸಾಗರದವರಿಗೆ ಜೋಗದ ದಾರಿಯ ಏರಿಳಿತಗಳು ಗೊತ್ತು. ಇಂತಹ ಸೀಮೆಯಲ್ಲಿ ಹುಟ್ಟಿ ಬೆಳೆದ ತರುಣರಿಗೆ ಮೋಟಾರಿನ ವೇಗದ ಮೋಹ ಹತ್ತಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ದಾರಿಯ ಪ್ರತಿಯೊಂದು ತಿರುವೂ ಅವರನ್ನು ಪರೀಕ್ಷೆಗೆ ಕರೆಯುವಂತೆ ತೋರುತ್ತದೆ.

ನನ್ನ ವಿದ್ಯಾರ್ಥಿಯೊಬ್ಬನು ಒಂದು ದಿನ ತರಗತಿ ಮುಗಿದ ಮೇಲೆ ಬಂದು, "ಸಾರ್, ಕಾರಿನ ಪಂದ್ಯಕ್ಕೆ ಸೇರಬೇಕೆಂದಿದ್ದೇನೆ. ಮೂರು ಲಕ್ಷ ರೂಪಾಯಿ ಇದೆ. ಯಾವ ಕಾರು ಕೊಳ್ಳಲಿ?" ಎಂದು ಕೇಳಿದನು. ಹಣವು ತಂದೆಯದು, ಅಡಿಕೆ ಮಾರಿ ಉಳಿಸಿದ್ದು. ಎಲೆಚುಕ್ಕಿ ರೋಗವು ತೋಟಗಳನ್ನು ಹಣ್ಣುಮಾಡುತ್ತಿರುವ ಈ ಕಾಲದಲ್ಲಿ ಆ ಮೂರು ಲಕ್ಷದ ಬೆಲೆ ಎಷ್ಟೆಂಬುದು ಮಲೆನಾಡಿನ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಹುಡುಗನ ಮನಸ್ಸು ಆಗಲೇ ಒಂದು ಹಳೆಯ ಹೋಂಡಾ ಸಿಟಿಯ ಮೇಲೆ ನೆಟ್ಟಿತ್ತು. 1500 ಘನ ಸೆಂಟಿಮೀಟರಿನ ಎಂಜಿನ್ನು, 106 ಅಶ್ವಶಕ್ತಿ! ನಮ್ಮ ದೇಶದ ಪಂದ್ಯಗಳಲ್ಲಿ ಹೆಸರು ಮಾಡಿದ ಕಾರು ಅದು. ಬೆಲೆ ಎರಡೂವರೆ ಲಕ್ಷ. ಉಳಿದ ಐವತ್ತು ಸಾವಿರದಲ್ಲಿ ಮಿಕ್ಕಿದ್ದೆಲ್ಲವನ್ನೂ ಮಾಡಿಕೊಳ್ಳಬಹುದೆಂಬುದು ಅವನ ಎಣಿಕೆ.

ನಾನು ಅವನಿಗೆ ಕಾರಿನ ಹೆಸರನ್ನು ಹೇಳಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಂಡು ಲೆಕ್ಕ ಮಾಡಲು ಕುಳಿತೆವು. ಆ ಲೆಕ್ಕವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಎಲ್ಲಿ ಓಡಿಸುವುದು?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಘಾಟಿಯ ದಾರಿ ಪಂದ್ಯದ ಕಣವಲ್ಲ. ಅಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ದನ ಬರುತ್ತದೆ, ಶಾಲೆಯ ಮಕ್ಕಳು ಬರುತ್ತಾರೆ. ಸರಕಾರದ ಲಿಖಿತ ಸಮ್ಮತಿಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ಮೋಟಾರಿನ ಪಂದ್ಯವನ್ನು ನಡೆಸುವುದೂ ಅದರಲ್ಲಿ ಸೇರುವುದೂ 1988ರ ಮೋಟಾರು ವಾಹನಗಳ ಕಾಯಿದೆಯ 189ನೆಯ ಕಲಮಿನಂತೆ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೆ ಮೂರು ತಿಂಗಳವರೆಗೆ ಸೆರೆ, ಅಥವಾ 5000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ ಬೀಳಬಹುದು.

ಹಾಗಾದರೆ ಪಂದ್ಯಗಳು ನಡೆಯುವುದೆಲ್ಲಿ? ನಮ್ಮ ದೇಶದಲ್ಲಿ ಇವು ಮುಖ್ಯವಾಗಿ ನಾಲ್ಕು ಬಗೆ. ಡಾಂಬರು ಹಾಕಿದ ಮುಚ್ಚಿದ ಸುತ್ತುಪಥದ ಓಟ ಮೊದಲನೆಯದು. ಮದರಾಸಿನ ಬಳಿಯ ಷೋಲಾವರದಲ್ಲಿ ಯುದ್ಧಕಾಲದ ವಿಮಾನ ಪಟ್ಟಿಯ ಮೇಲೆ ಹಿಂದೆ ಇಂತಹ ಓಟಗಳು ನಡೆಯುತ್ತಿದ್ದವು. 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಸುಮಾರು 3.7 ಕಿಲೋಮೀಟರಿನ ಪಥ ತೆರೆಯಿತು. ಎರಡನೆಯದು ರ‍್ಯಾಲಿ: ಸಂಚಾರ ನಿಲ್ಲಿಸಿದ ದಾರಿಗಳಲ್ಲಿ ಒಂದೊಂದೇ ಕಾರನ್ನು ಬಿಟ್ಟು ಕಾಲವನ್ನು ಅಳೆಯುವ ಪಂದ್ಯ. ನೆರೆಯ ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಗಳು ಇದಕ್ಕೆ ಹೆಸರಾಗಿವೆ. ಏಷ್ಯಾ-ಪೆಸಿಫಿಕ್ ರ‍್ಯಾಲಿಯ ಪ್ರಶಸ್ತಿಯನ್ನು 2013ರಲ್ಲಿ ಗೆದ್ದ ನಮ್ಮ ಗೌರವ್ ಗಿಲ್ ಅಂತಹ ಮಣ್ಣಿನ ದಾರಿಗಳಲ್ಲಿ ಪಳಗಿದವರು. ಮೂರನೆಯದು ನಿಗದಿಯಾದ ವೇಗದಲ್ಲಿ, ನಿಗದಿಯಾದ ಕಾಲಕ್ಕೆ ಸರಿಯಾಗಿ ಸಾಗಬೇಕಾದ ಪಂದ್ಯ. ಇದರಲ್ಲಿ ಕಾಲಿಗಿಂತ ಗಣಿತಕ್ಕೆ ಹೆಚ್ಚು ಕೆಲಸ. ನಾಲ್ಕನೆಯದು ಆಟೋಕ್ರಾಸ್. ಬಯಲಿನಲ್ಲಿ ಗುರುತುಗಳನ್ನು ನೆಟ್ಟು, ಸಣ್ಣ ಮಣ್ಣಿನ ಸುತ್ತನ್ನು ರಚಿಸಿ, ಕಾರುಗಳನ್ನು ಒಂದೊಂದಾಗಿ ಬಿಡುವರು. ಎದುರಾಳಿಯ ಕಾರು ಪಕ್ಕದಲ್ಲಿ ಇರುವುದಿಲ್ಲ; ಗಡಿಯಾರವೇ ಎದುರಾಳಿ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ತರುಣನಿಗೆ ಕೈಗೆಟುಕುವುದು ಈ ನಾಲ್ಕನೆಯದು. ಇಲ್ಲಿ ಕಾರುಗಳನ್ನು ಎಂಜಿನ್ನಿನ ಗಾತ್ರಕ್ಕನುಸಾರವಾಗಿ ವರ್ಗಗಳಲ್ಲಿ ಬೇರ್ಪಡಿಸುವುದು ರೂಢಿ. ಆದುದರಿಂದ ಚಿಕ್ಕ ಕಾರಿನವನು ಚಿಕ್ಕ ಕಾರಿನವರೊಡನೆಯೇ ಸ್ಪರ್ಧಿಸುತ್ತಾನೆ. ಈ ಒಂದು ಸಂಗತಿಯನ್ನು ಮರೆತು ದೊಡ್ಡ ಎಂಜಿನ್ನನ್ನು ಕೊಂಡವನು ತನ್ನ ಹಣದಿಂದಲೇ ಹೆಚ್ಚು ಕಠಿಣವಾದ ಸ್ಪರ್ಧೆಯನ್ನು ಕೊಂಡಂತಾಗುವುದು.

ತಿರುವಿನಲ್ಲಿ ಅಶ್ವಶಕ್ತಿಗೆ ಕೆಲಸವಿಲ್ಲ

ಕಾರು ತಿರುವಿನಲ್ಲಿ ಸಾಗುವಾಗ ಅದನ್ನು ಒಳಮುಖವಾಗಿ ಎಳೆಯುವ ಬಲವೊಂದು ಬೇಕು. ಆ ಬಲವನ್ನು ಒದಗಿಸುವುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ನಾಲ್ಕು ಟೈರುಗಳೂ ಸೇರಿ ನೆಲವನ್ನು ಮುಟ್ಟುವುದು ನಾಲ್ಕು ಅಂಗೈಗಳಷ್ಟು ಜಾಗದಲ್ಲಿ ಮಾತ್ರ. ಈ ನಾಲ್ಕು ಅಂಗೈಗಳ ಹಿಡಿತ ಮೀರಿದರೆ ಕಾರು ಜಾರುತ್ತದೆ.

ಜಾರದೆ ಸಾಗಬಹುದಾದ ಗರಿಷ್ಠ ವೇಗವನ್ನು ಕಂಡುಹಿಡಿಯುವುದು ಸುಲಭ. ಘರ್ಷಣಾಂಕ, ಗುರುತ್ವದ ವೇಗೋತ್ಕರ್ಷ, ತಿರುವಿನ ತ್ರಿಜ್ಯ, ಈ ಮೂರನ್ನು ಗುಣಿಸಿ ವರ್ಗಮೂಲವನ್ನು ತೆಗೆದರಾಯಿತು. ತ್ರಿಜ್ಯ 15 ಮೀಟರಿನ ಒಂದು ಕಡುತಿರುವನ್ನು ತೆಗೆದುಕೊಳ್ಳೋಣ. ಒಣಗಿದ ಡಾಂಬರಿನ ಮೇಲೆ ಘರ್ಷಣಾಂಕ ಸುಮಾರು 0.8 ಎಂದು ಹಿಡಿದರೆ ಈ ವೇಗ ಗಂಟೆಗೆ 39 ಕಿಲೋಮೀಟರು. ಮಳೆಯಲ್ಲಿ ನೆನೆದ ಡಾಂಬರಿಗೆ 0.5 ಎಂದು ಹಿಡಿದರೆ 31. ಗಟ್ಟಿನೆಲದ ಮೇಲೆ ಸಡಿಲವಾದ ಜಂಬಿಟ್ಟಿಗೆಯ ಹರಳು ಹರಡಿದ್ದರೆ ಘರ್ಷಣಾಂಕವು 0.35ರ ಆಸುಪಾಸಿಗೆ ಇಳಿಯಬಹುದು. ಆಗ ವೇಗ ಕೇವಲ 26.

ಈ ಸೂತ್ರದಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಇದರಲ್ಲಿ ಎಂಜಿನ್ನಿನ ಹೆಸರಿಲ್ಲ. ಕಾರಿನ ಬೆಲೆಯೂ ಇಲ್ಲ. 37 ಅಶ್ವಶಕ್ತಿಯ ಕಾರಿಗೂ 106 ಅಶ್ವಶಕ್ತಿಯ ಕಾರಿಗೂ ತಿರುವು ಒಂದೇ ನ್ಯಾಯವನ್ನು ಮಾಡುತ್ತದೆ. ಕಾರಿನ ತೂಕ ಕೂಡ ಇಲ್ಲಿ ಕಾಣಿಸದು. ತೂಕ ಹೆಚ್ಚಿದಷ್ಟೂ ಬೇಕಾದ ಬಲ ಹೆಚ್ಚುವುದು, ಒದಗುವ ಘರ್ಷಣೆಯೂ ಅಷ್ಟೇ ಹೆಚ್ಚುವುದು. ಎರಡೂ ಒಂದನ್ನೊಂದು ಹೊಡೆದುಹಾಕುತ್ತವೆ. ನಿಜವಾದ ರಬ್ಬರು ಇಷ್ಟು ನಿಷ್ಪಕ್ಷಪಾತಿಯಲ್ಲ. ಹೊರೆ ಹೆಚ್ಚಿದಂತೆ ಅದರ ಘರ್ಷಣಾಂಕ ತುಸು ಇಳಿಯುತ್ತದೆ. ಆದುದರಿಂದ ಒಂದೇ ಬಗೆಯ ಟೈರು ತೊಟ್ಟ ಎರಡು ಕಾರುಗಳಲ್ಲಿ ಹಗುರವಾದುದಕ್ಕೆ ಕೊಂಚ ಅನುಕೂಲವೇ ಹೊರತು ನಷ್ಟವಿಲ್ಲ.

ನೇರದಾರಿಯ ಲೆಕ್ಕ

"ತಿರುವಿನಲ್ಲಿ ಬೇಡ, ನೇರದಲ್ಲಿ ಬೇಕಲ್ಲ ಸಾರ್?" ಎಂದು ಹುಡುಗನು ಕೇಳಿದನು. ನ್ಯಾಯವಾದ ಪ್ರಶ್ನೆ.

ಕಾರಿನ ಓಟದ ಚುರುಕನ್ನು ನಿರ್ಧರಿಸುವುದು ಬರಿಯ ಅಶ್ವಶಕ್ತಿಯಲ್ಲ, ತೂಕಕ್ಕೆ ತಕ್ಕ ಅಶ್ವಶಕ್ತಿ. 1983ರ ಡಿಸೆಂಬರಿನಿಂದ 2014ರ ಜನವರಿಯವರೆಗೆ ತಯಾರಾದ ಮಾರುತಿ 800 ಕಾರಿನ ಮೊದಮೊದಲ ಮಾದರಿಗಳು ಸುಮಾರು 650 ಕಿಲೋಗ್ರಾಂ ತೂಕದವು, ಶಕ್ತಿ ಸುಮಾರು 37 ಅಶ್ವ. 70 ಕಿಲೋಗ್ರಾಮಿನ ಚಾಲಕನನ್ನು ಕೂಡಿಸಿದರೆ ಟನ್ನಿಗೆ 51 ಅಶ್ವಶಕ್ತಿ ಬರುತ್ತದೆ. ನಮ್ಮ ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಗೆ ಇದೇ ಲೆಕ್ಕದಲ್ಲಿ ಸುಮಾರು 41 ಮಾತ್ರ. ಮಾರುತಿ ಎಸ್ಟೀಮಿನ 85 ಅಶ್ವಶಕ್ತಿಯ ಮಾದರಿಗೆ ಸುಮಾರು 90. ಹುಡುಗನು ಮೆಚ್ಚಿದ ಸಿಟಿಗೆ ಸುಮಾರು 96. ಕಾಗದದ ಮೇಲೆ ಸಿಟಿಯು 800ರ ಹೆಚ್ಚುಕಡಿಮೆ ಇಮ್ಮಡಿ.

ಆದರೆ ಎಂಜಿನ್ನಿನ ಶಕ್ತಿ ಕೆಲಸಕ್ಕೆ ಬರಬೇಕಾದರೆ ಅದೂ ಟೈರಿನ ಮೂಲಕವೇ ನೆಲವನ್ನು ಸೇರಬೇಕು. ಈ ಎರಡು ಕಾರುಗಳನ್ನೂ ಎಳೆಯುವುದು ಮುಂದಿನ ಗಾಲಿಗಳು. ಮುಂಗಾಲಿಗಳ ಮೇಲೆ ಕಾರಿನ ತೂಕದ ಸುಮಾರು 60 ಪಾಲು ಬೀಳುವುದೆಂದು ಹಿಡಿಯೋಣ. ಘರ್ಷಣಾಂಕ 0.35 ಇರುವ ಮಣ್ಣಿನ ಮೇಲೆ ಆ ಗಾಲಿಗಳು ಜಾರದೆ ಕೊಡಬಲ್ಲ ವೇಗೋತ್ಕರ್ಷವು ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿಗಿಂತ ತುಸುವೇ ಹೆಚ್ಚು. ಇದು ನೆಲವು ವಿಧಿಸಿದ ಮಿತಿ. ಎಂಜಿನ್ನು ಎಷ್ಟೇ ದೊಡ್ಡದಾದರೂ ಇದನ್ನು ದಾಟಲಾಗದು. ದಾಟಲೆತ್ನಿಸಿದರೆ ಗಾಲಿಗಳು ನಿಂತಲ್ಲಿಯೇ ತಿರುಗಿ ಧೂಳೆಬ್ಬಿಸುತ್ತವೆ.

ಈ ಮಿತಿಯನ್ನು ಮುಟ್ಟಲು ಆ ಬಡ 800ಕ್ಕೆ ಶಕ್ತಿ ಸಾಕೆ? ಎಂಜಿನ್ನಿನಿಂದ ಗಾಲಿಗೆ ಬರುವಷ್ಟರಲ್ಲಿ ನೂರಕ್ಕೆ 15 ಪಾಲು ಶಕ್ತಿ ಸೋರಿಹೋಗುವುದೆಂದು ಇಟ್ಟುಕೊಂಡು ಗುಣಿಸಿ ನೋಡಿದರೆ, ಗಂಟೆಗೆ ಸುಮಾರು 56 ಕಿಲೋಮೀಟರಿನವರೆಗೆ ಸಾಕು ಎಂದು ತಿಳಿದುಬರುತ್ತದೆ. ಚಾಲಕನು ಸರಿಯಾದ ಗೇರಿನಲ್ಲಿರಬೇಕು, ಅಷ್ಟೆ. ಸಿಟಿಯಲ್ಲಿ ಈ ಎಲ್ಲೆ 100 ಕಿಲೋಮೀಟರನ್ನು ದಾಟುತ್ತದೆ.

ಈಗ ಆಟೋಕ್ರಾಸಿನ ಬಯಲಿಗೆ ಬರೋಣ. ಎರಡು ತಿರುವುಗಳ ನಡುವೆ 60 ಮೀಟರಿನ ನೇರದಾರಿಯಿದೆ ಎನ್ನಿ. ಕಾರು ಒಂದು ತಿರುವಿನಿಂದ ಗಂಟೆಗೆ 26 ಕಿಲೋಮೀಟರಿನ ವೇಗದಲ್ಲಿ ಹೊರಬಿದ್ದು, ಮುಂದಿನ ತಿರುವಿಗೆ ಅದೇ 26ಕ್ಕೆ ಇಳಿಯಬೇಕು. ಮೊದಲು ಸುಮಾರು 37 ಮೀಟರು ವೇಗವನ್ನೇರಿಸಿ, ಉಳಿದ 23 ಮೀಟರಿನಲ್ಲಿ ಬ್ರೇಕು ಹಿಡಿಯಬೇಕಾಗುತ್ತದೆ. ನಡುವೆ ಮುಟ್ಟುವ ಅತ್ಯಧಿಕ ವೇಗ ಎಷ್ಟು? ಗಂಟೆಗೆ 51 ಕಿಲೋಮೀಟರು! ಅಂದರೆ 800ರ ಎಲ್ಲೆಯಾದ 56ಕ್ಕೂ ಕಡಿಮೆ. ಆ ಬಯಲಿನಲ್ಲಿ ಸಿಟಿಯ ಹೆಚ್ಚುವರಿ ಅಶ್ವಗಳಿಗೆ ಓಡಲು ಜಾಗವೇ ಇಲ್ಲ. ಅವು ಲಾಯದಲ್ಲಿಯೇ ಉಳಿದು ಹುಲ್ಲು ತಿನ್ನುವ ಕುದುರೆಗಳು.

ಇದು ಸ್ಥೂಲವಾದ ಲೆಕ್ಕ. ವೇಗವೇರುವಾಗ ಕಾರಿನ ಭಾರವು ಹಿಂದಕ್ಕೆ ಸರಿದು ಮುಂಗಾಲಿಗಳ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಆಗ ದೊಡ್ಡ ಎಂಜಿನ್ನಿನ ಸೋಲು ಇನ್ನಷ್ಟು ಹೆಚ್ಚು. ಆದರೆ ಇರುಂಗಾಟ್ಟುಕೋಟೈಯಂತಹ ಉದ್ದವಾದ ಡಾಂಬರು ಪಥದಲ್ಲಿ ಈ ಮಾತು ನಿಲ್ಲದು. ಅಲ್ಲಿ ಸಿಟಿಯು 800ನ್ನು ಕ್ಷಣಮಾತ್ರದಲ್ಲಿ ಹಿಂದೆ ಹಾಕುವುದು ನಿಶ್ಚಯ. ಕಾರನ್ನು ಆರಿಸುವ ಮೊದಲು ಕಣವನ್ನು ಆರಿಸಬೇಕೆಂದು ಹೇಳಿದುದು ಇದಕ್ಕಾಗಿಯೇ.

ಮುಂಗಾಲಿ, ಹಿಂಗಾಲಿ, ನಾಲ್ಕು ಗಾಲಿ

ಟೈರಿನ ಹಿಡಿತವು ಮನೆಯ ವಾರ್ಷಿಕ ಆದಾಯವಿದ್ದಂತೆ. ಅದರಲ್ಲಿಯೇ ಎಳೆತ, ಬ್ರೇಕು, ತಿರುವು ಮೂರೂ ಖರ್ಚುಗಳು ನಡೆಯಬೇಕು. ಆದರೆ ಈ ಆಯವ್ಯಯದ ನಿಯಮ ಸಾಮಾನ್ಯ ಕೂಡುಕಳೆಯುವಿಕೆಯದಲ್ಲ, ಪೈಥಾಗೊರಸನ ಪ್ರಮೇಯದ್ದು. ಹಿಡಿತದ 10 ಪಾಲಿನಲ್ಲಿ 6 ಪಾಲನ್ನು ಬ್ರೇಕಿಗೆ ಕೊಟ್ಟರೆ ತಿರುವಿಗೆ 8 ಪಾಲು ಉಳಿಯುವುದು. ಬ್ರೇಕಿಗೆ 10ನ್ನೂ ಕೊಟ್ಟವನಿಗೆ ತಿರುವಿಗೆ ಏನೂ ಉಳಿಯದು. ಹೆದರಿ ಬ್ರೇಕನ್ನು ಒತ್ತಿದ ಚಾಲಕನು ಸ್ಟಿಯರಿಂಗನ್ನು ಎಷ್ಟು ತಿರುಗಿಸಿದರೂ ಕಾರು ನೇರವಾಗಿ ದರೆಯತ್ತ ಹೋಗುವುದಕ್ಕೆ ಕಾರಣ ಇದೇ.

ಮುಂಗಾಲಿಯಿಂದ ಎಳೆಯಲ್ಪಡುವ ಕಾರಿನಲ್ಲಿ ಎಳೆತ ಹೆಚ್ಚಾದಾಗ ಮುಂದಿನ ಹಿಡಿತವೇ ಮೊದಲು ಮುಗಿಯುತ್ತದೆ. ಕಾರಿನ ಮೂತಿ ತಿರುವಿನ ಹೊರಗೆ ಸರಿಯುತ್ತದೆ. ಕಾಲನ್ನು ಮೆಲ್ಲಗೆ ಸಡಿಲಿಸಿದರೆ ಮತ್ತೆ ದಾರಿಗೆ ಬರುತ್ತದೆ. ಪದ್ಮಿನಿ, ಅಂಬಾಸಡರ್, ಓಮ್ನಿಗಳಂತಹ ಹಿಂಗಾಲಿಯ ಗಾಡಿಗಳಲ್ಲಿ ಎಳೆತ ಹೆಚ್ಚಾದರೆ ಬಾಲ ಬೀಸುತ್ತದೆ. ಬೀಸತೊಡಗಿದ ಬಾಲ ತಾನಾಗಿ ನಿಲ್ಲದು. ಅದನ್ನು ಹಿಡಿಯಲು ಪಳಗಿದ ಕೈ ಬೇಕು. ಹೊಸಬನಿಗೆ ಮುಂಗಾಲಿಯ ಕಾರೇ ಮೇಲು.

ಜಿಪ್ಸಿಯ ಮಾತೇನು ಎಂದು ಮಲೆನಾಡಿನಲ್ಲಿ ಯಾರಾದರೂ ಕೇಳದೆ ಇರರು. ನಾಲ್ಕು ಗಾಲಿಗಳೂ ಎಳೆಯುವುದರಿಂದ ಕಾರಿನ ಪೂರ್ತಿ ತೂಕವೂ ಹಿಡಿತಕ್ಕೆ ಒದಗುತ್ತದೆ. ಮಣ್ಣಿನ ಮೇಲೆ ಇದು ದೊಡ್ಡ ಲಾಭವೇ ಸರಿ. ಆದರೆ ಎತ್ತರದ ಗಾಡಿಯ ಗುರುತ್ವಕೇಂದ್ರ ಮೇಲಿರುತ್ತದೆ. ಎರಡು ಪಕ್ಕದ ಗಾಲಿಗಳ ನಡುವಣ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಗಾಡಿ ಮಗುಚಿಕೊಳ್ಳುವ ಅಂಕ ದೊರೆಯುತ್ತದೆ. ಅಂತರ 1.3 ಮೀಟರು, ಎತ್ತರ 0.52 ಮೀಟರು ಇದ್ದರೆ ಅಂಕ 1.25, ಎತ್ತರ 0.7 ಮೀಟರಾದರೆ 0.93. ಎರಡೂ ಮಣ್ಣಿನ ಘರ್ಷಣಾಂಕಕ್ಕಿಂತ ಹೆಚ್ಚಾದುದರಿಂದ ಸಮನೆಲದಲ್ಲಿ ಗಾಡಿ ಜಾರುವುದೇ ಹೊರತು ಮಗುಚದು. ಆದರೆ ಅಡ್ಡಡ್ಡ ಜಾರುತ್ತಿರುವ ಗಾಲಿಗೆ ಗದ್ದೆಯ ಬದುವೊಂದು ತಡೆಯಾಯಿತೆನ್ನಿ. ಆಗ ಜಾರುವ ದಾರಿ ಮುಚ್ಚಿ ಮಗುಚುವ ದಾರಿಯೊಂದೇ ಉಳಿಯುತ್ತದೆ, ಎತ್ತರದ ಗಾಡಿ ಆ ದಾರಿಯನ್ನು ಮೊದಲು ಹಿಡಿಯುತ್ತದೆ. ಕೊಯ್ಲಾದ ಗದ್ದೆಯಲ್ಲಿ ಅಭ್ಯಾಸ ಮಾಡುವವರು ಇದನ್ನು ಮರೆಯಬಾರದು.

ಹಣವನ್ನು ಹಂಚುವ ಬಗೆ

ಮೂರು ಲಕ್ಷದಲ್ಲಿ ಎರಡೂವರೆ ಲಕ್ಷವನ್ನು ಕಾರಿಗೇ ಸುರಿಯುವುದು ಹೊಸಬರ ಸಾಮಾನ್ಯ ತಪ್ಪು. ನನ್ನ ಸಲಹೆ ಇದು: ಹಣವನ್ನು ಹತ್ತು ಪಾಲು ಮಾಡಿ, ಕಾರಿಗೆ ನಾಲ್ಕು ಪಾಲನ್ನು ಮೀರಬೇಡಿ. ಮೂರು ಪಾಲು ಚಾಲಕನ ರಕ್ಷಣೆಗೆ. ಎರಡು ಪಾಲು ಟೈರು, ಬ್ರೇಕು, ಷಾಕ್ ಅಬ್ಸಾರ್ಬರುಗಳಿಗೆ. ಉಳಿದ ಒಂದು ಪಾಲು ಪ್ರವೇಶಶುಲ್ಕ, ಪರವಾನಗಿ, ಬಿಡಿಭಾಗಗಳಿಗೆ.

ರಕ್ಷಣೆಗೆ ಇಷ್ಟೇಕೆ ಎಂದು ಕೇಳಬಹುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಒಣ ಡಾಂಬರಿನ ಮೇಲೆ ಗಂಟೆಗೆ 40 ಕಿಲೋಮೀಟರಿನಲ್ಲಿ ಓಡುವ ಕಾರು ಸುಮಾರು 8 ಮೀಟರಿನಲ್ಲಿ ನಿಲ್ಲಬಲ್ಲುದು. 80 ಕಿಲೋಮೀಟರಿನಲ್ಲಿ ಓಡುವುದಕ್ಕೆ 32 ಮೀಟರು ಬೇಕು. ಸಡಿಲಮಣ್ಣಿನಲ್ಲಿ ಇವು 18 ಮತ್ತು 72 ಮೀಟರುಗಳಾಗುತ್ತವೆ. ಚಾಲಕನು ಎಚ್ಚೆತ್ತು ಬ್ರೇಕನ್ನು ಒತ್ತುವವರೆಗಿನ ದೂರವನ್ನು ಇದಕ್ಕೆ ಸೇರಿಸಿಲ್ಲ. ನಿಲ್ಲುವಷ್ಟು ದೂರ ದೊರೆಯದಿದ್ದಾಗ ಆ ಶಕ್ತಿಯನ್ನೆಲ್ಲ ಮರವೋ ದರೆಯೋ ಕಾರಿನ ತಗಡೋ ನುಂಗಬೇಕು. ತಗಡು ಮಡಿಚಿಕೊಂಡರೂ ಚಾಲಕನ ಸುತ್ತಲಿನ ಜಾಗ ಉಳಿಯಬೇಕೆಂದೇ ಒಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಕೂಡಿಸುವರು. ಹಲವು ಪಟ್ಟಿಗಳ ಸೀಟುಬೆಲ್ಟು, ಮೋಟಾರು ಪಂದ್ಯಕ್ಕೆಂದೇ ತಯಾರಾದ ಶಿರಸ್ತ್ರಾಣ, ಬೆಂಕಿ ನಂದಿಸುವ ಸಾಧನ, ಇವುಗಳಲ್ಲಿ ಉಳಿತಾಯ ಸಲ್ಲದು. ಪ್ರವೇಶಿಸುವ ಪಂದ್ಯದ ನಿಯಮಗಳನ್ನು ಮೊದಲು ತರಿಸಿ ಓದಿ, ಬಳಿಕ ಕೊಳ್ಳುವುದು ಜಾಣತನ. ಭಾರತೀಯ ಮೋಟಾರು ಕ್ರೀಡಾ ಕ್ಲಬ್ಬುಗಳ ಒಕ್ಕೂಟದ ಮನ್ನಣೆಯುಳ್ಳ ಪಂದ್ಯಗಳಲ್ಲಿ ಕಾರನ್ನು ಪರೀಕ್ಷಿಸಿಯೇ ಕಣಕ್ಕೆ ಬಿಡುವರು. ಪರೀಕ್ಷೆಯಿಲ್ಲದೆ ಬಿಡುವ ಪಂದ್ಯದಿಂದ ದೂರವಿರುವುದೇ ಲೇಸು.

ಹಳೆಯ ಕಾರನ್ನು ಪರೀಕ್ಷಿಸುವುದು

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವುದು ವಾಡಿಕೆ. ಇಂತಹ ಸೀಮೆಯಲ್ಲಿ ಹತ್ತಿಪ್ಪತ್ತು ಮಳೆಗಾಲ ಕಂಡ ಕಾರಿಗೆ ಎಂಜಿನ್ನಿಗಿಂತ ದೊಡ್ಡ ಶತ್ರು ತುಕ್ಕು. ಬಣ್ಣ ಮಿರುಗುತ್ತಿದ್ದರೆ ಸಾಲದು. ಕಾರಿನ ಕೆಳಗೆ ನುಸುಳಿ, ಬಾಗಿಲುಗಳ ಕೆಳಗಿನ ತೊಲೆಗಳನ್ನೂ ಷಾಕ್ ಅಬ್ಸಾರ್ಬರು ಕೂರುವ ಜಾಗಗಳನ್ನೂ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿ ತಗಡು ಟಣ್ ಎಂದು ಉಲಿಯುತ್ತದೆ. ತುಕ್ಕು ತಿಂದ ತಗಡು ಮಂದವಾಗಿ ಸದ್ದು ಮಾಡುತ್ತದೆ. ಕೊಳೆತ ತಗಡಿಗೆ ಬೆಸುಗೆ ಹಾಕಿದ ಉಕ್ಕಿನ ಪಂಜರ ಆಪತ್ತಿನಲ್ಲಿ ಕಿತ್ತುಬರುತ್ತದೆ.

ಎರಡನೆಯ ಪರೀಕ್ಷೆಗೆ ಒಂದು ಅಳತೆಯ ಪಟ್ಟಿ ಸಾಕು. ಮುಂದಿನ ಎಡಗಾಲಿಯ ನಡುವಿನಿಂದ ಹಿಂದಿನ ಬಲಗಾಲಿಯ ನಡುವಿಗೂ, ಮುಂದಿನ ಬಲದಿಂದ ಹಿಂದಿನ ಎಡಕ್ಕೂ ಕಾರಿನ ಕೆಳಗೆ ಅಳೆಯಿರಿ. ಎರಡು ಕರ್ಣಗಳೂ ಸಮವಾಗಿರಬೇಕು. ಎದ್ದುಕಾಣುವ ವ್ಯತ್ಯಾಸವಿದ್ದರೆ ಕಾರು ಎಂದೋ ಪೆಟ್ಟು ತಿಂದು ಸೊಟ್ಟಗಾಗಿದೆ ಎಂದು ಶಂಕಿಸಬೇಕು. ಮೂರನೆಯದು ಹೊಗೆ. ವೇಗವನ್ನು ಹೆಚ್ಚಿಸಿದಾಗ ನೀಲಿ ಹೊಗೆ ಬಂದರೆ ಎಂಜಿನ್ನು ಎಣ್ಣೆಯನ್ನು ಸುಡುತ್ತಿದೆ ಎಂದರ್ಥ. ಇದೊಂದು ದೋಷವೇ ಆದರೂ, ಹಳೆಯ 800ರ ಎಂಜಿನ್ನನ್ನು ಸರಿಪಡಿಸಬಲ್ಲ ಕುಶಲಿಗಳು ಮಲೆನಾಡಿನ ಪೇಟೆಗಳಲ್ಲಿ ಇನ್ನೂ ಇದ್ದಾರೆ. ತುಕ್ಕಿಗೆ ಅಂತಹ ಸುಲಭ ಮದ್ದಿಲ್ಲ.

ದಾಖಲೆಗಳ ಮಾತೂ ಒಂದಿದೆ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಬಳಿಕ ನವೀಕರಿಸಬೇಕು. ಪಂದ್ಯಕ್ಕಾಗಿ ರೂಪಾಂತರಿಸಿದ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿಕೊಂಡು ಹೋಗುವುದು ಸರಿಯಲ್ಲ. ಅದನ್ನು ಲಾರಿಯ ಮೇಲೆ ಹೇರಿಕೊಂಡೇ ಕಣಕ್ಕೆ ಒಯ್ಯಬೇಕು. ಆ ಬಾಡಿಗೆಯನ್ನೂ ಲೆಕ್ಕದಲ್ಲಿ ಹಿಡಿಯಿರಿ.

ನಿಧಾನವಾದ ಕಾರು ಒಳ್ಳೆಯ ಗುರು

ಚಿಕ್ಕ ಎಂಜಿನ್ನಿಗೆ ಇನ್ನೊಂದು ಗುಣವಿದೆ. ತಿರುವಿಗೆ ಮುಂಚೆ ಅನಗತ್ಯವಾಗಿ ವೇಗವನ್ನು ಕಳೆದುಕೊಂಡರೆ ದೊಡ್ಡ ಕಾರಿನವನು ಕಾಲನ್ನೊತ್ತಿ ಅದನ್ನು ಮರಳಿ ಗಳಿಸುತ್ತಾನೆ. ತನ್ನ ತಪ್ಪು ಅವನಿಗೆ ತಿಳಿಯುವುದೇ ಇಲ್ಲ. ಚಿಕ್ಕ ಕಾರಿನಲ್ಲಿ ಕಳೆದ ವೇಗ ಬೇಗನೆ ಮರಳದು. ಗಡಿಯಾರ ಆ ತಪ್ಪನ್ನು ಅಂಕಿಯಲ್ಲಿ ತೋರಿಸುತ್ತದೆ. ಹೀಗಾಗಿ ದಾರಿಯನ್ನು ಆರಿಸುವುದು, ಬ್ರೇಕನ್ನು ಹದವಾಗಿ ಒತ್ತುವುದು, ವೇಗವನ್ನು ಕಾಪಾಡಿಕೊಳ್ಳುವುದು, ಈ ಮೂರು ವಿದ್ಯೆಗಳು ಅಲ್ಲಿ ಬೇಗನೆ ಕೈಗೂಡುತ್ತವೆ. ಮುಂದೆ ದೊಡ್ಡ ಕಾರಿಗೆ ಹೋದರೂ ಈ ವಿದ್ಯೆ ಜೊತೆಗೇ ಬರುತ್ತದೆ. ನಮ್ಮ ದೇಶದಲ್ಲಿ ಮೇಲಿನ ಮೆಟ್ಟಿಲುಗಳೂ ಬಹಳ ಕಾಲ ಇಂತಹ ಸಾಧಾರಣ ಎಂಜಿನ್ನುಗಳನ್ನೇ ನೆಚ್ಚಿದ್ದುಂಟು: ಎಲ್‌ಜಿಬಿ ಫಾರ್ಮುಲಾ ಎಂಬ ಒಂಟಿಸೀಟಿನ ಪಂದ್ಯದ ಕಾರಿಗೆ ಅಳವಡಿಸಿದುದು ಎಸ್ಟೀಮಿನ 1300 ಘನ ಸೆಂಟಿಮೀಟರಿನ ಎಂಜಿನ್ನು.

ಹಾಳೆ ತುಂಬಿದ ಮೇಲೆ ಹುಡುಗನು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು ಹೋದನು. ಮುಂದಿನ ವಾರ ಅವನ ತಂದೆಯವರೇ ಬಂದರು. ಅಂಕಿಗಳ ಗೋಜಿಗೆ ಅವರು ಹೋಗಲಿಲ್ಲ. "ಅಲ್ಲ ಮೇಷ್ಟ್ರೇ, ಇವ ಓಡ್ಸದು ಬಯಲಲ್ಲೋ, ಘಾಟೀಲೋ? ಅದೊಂದ್ ಹೇಳಿ," ಎಂದರು. ಬಯಲಿನಲ್ಲಿ ಮಾತ್ರ ಎಂದು ಮಗನು ನನ್ನೆದುರಿಗೇ ಅವರಿಗೆ ಮಾತು ಕೊಟ್ಟನು. ಹೊಸನಗರದ ಕಡೆ ಒಂದು 800 ಮಾರಾಟಕ್ಕಿದೆಯಂತೆ. ಈ ಭಾನುವಾರ ತಂದೆ ಮಗ ಇಬ್ಬರೂ ಸುತ್ತಿಗೆಯನ್ನೂ ಅಳತೆಯ ಪಟ್ಟಿಯನ್ನೂ ತೆಗೆದುಕೊಂಡು ನೋಡಲು ಹೋಗುವವರಿದ್ದಾರೆ.